ಮಣ್ಣಿಗೆ ಮರಳುವ ಹಾಳೆ

ಬೆಂಗಳೂರಿನ ಉತ್ತರ ಭಾಗದಲ್ಲಿ, ಬಳ್ಳಾರಿ ರಸ್ತೆಯ ಮಗ್ಗುಲಲ್ಲಿ ಬ್ಯಾಟರಾಯನಪುರವಿದೆ. ಅದರ ನೆರೆಯಲ್ಲಿಯೇ ಜಕ್ಕೂರು, ರಾಚೇನಹಳ್ಳಿ ಕೆರೆಗಳಿವೆ. ಇಂತಹ ಪ್ರದೇಶದಲ್ಲಿ ಬೀದಿಗೆ ಎಸೆದ ಪ್ಲಾಸ್ಟಿಕ್ ಚೀಲವು ಮಳೆನೀರಿನೊಡನೆ ಕಾಲುವೆಯನ್ನು ಸೇರಿ ಹರಿವನ್ನು ತಡೆಯುತ್ತದೆ. ಕೊನೆಗೆ ಕೆರೆಯನ್ನು ಮುಟ್ಟುತ್ತದೆ. ಅಂಗಡಿಯಿಂದ ಮನೆಯವರೆಗೆ ಮಾತ್ರ ಉಪಯೋಗಕ್ಕೆ ಬಂದ ವಸ್ತುವು ತಲೆಮಾರುಗಳವರೆಗೆ ಅಳಿಯದೆ ಉಳಿಯುತ್ತದೆ. 2016ರಲ್ಲಿ ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಆದರೆ ನಿಷೇಧವೊಂದೇ ಸಾಲದು. ಅವುಗಳಿಗೆ ಬದಲಾಗಿ ಏನನ್ನು ಬಳಸಬೇಕೆಂಬ ಪ್ರಶ್ನೆಗೂ ಉತ್ತರ ಬೇಕು.

ಪೆಟ್ರೋಲಿಯಂನಿಂದ ದೊರೆಯುವ ಪಾಲಿಥೀನ್ ಇಂಗಾಲದ ಉದ್ದನೆಯ ಸರಪಳಿ. ಅದನ್ನು ಕತ್ತರಿಸುವ ಸಾಮರ್ಥ್ಯ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಇಲ್ಲವೆಂದೇ ಹೇಳಬಹುದು. ಸಸ್ಯಗಳ ಪಿಷ್ಟ ಮತ್ತು ಸೆಲ್ಯುಲೋಸ್‌ಗಳೂ ಸರಪಳಿಗಳೇ. ಆದರೆ ಅವು ಸಕ್ಕರೆಯ ಘಟಕಗಳಿಂದಾದವು. ಸೂಕ್ಷ್ಮಜೀವಿಗಳ ಕಿಣ್ವಗಳು ಅವುಗಳನ್ನು ಬಿಡಿಸಿ ಆಹಾರವನ್ನಾಗಿ ಮಾಡಿಕೊಳ್ಳುತ್ತವೆ.

ಮರಗೆಣಸಿನ ಅಥವಾ ಮುಸುಕಿನ ಜೋಳದ ಪಿಷ್ಟವನ್ನು ನೀರಿನಲ್ಲಿ ಕಾಯಿಸಿ, ತೆಳುವಾಗಿ ಹರಡಿ ಒಣಗಿಸಿದರೆ ಹಾಳೆಯಾಗುತ್ತದೆ. ಗಂಜಿ ಹಾಕಿದ ಬಟ್ಟೆಯು ಒಣಗಿದಾಗ ಬಿರುಸಾಗುವುದನ್ನು ನೀವು ಕಂಡಿರಬಹುದು. ಹಾಗೆಯೇ ಈ ಹಾಳೆಯೂ ಬಿರುಸಾಗಿ ಮುರಿಯುತ್ತದೆ. ಗ್ಲಿಸರಿನ್ ಬೆರೆಸಿದರೆ ಅದಕ್ಕೆ ಬಾಗುವ ಗುಣ ಬರುತ್ತದೆ. ಆದರೂ ಅದು ನೀರನ್ನು ಹೀರಿ ಮೆತ್ತಗಾಗುತ್ತದೆ. ಹಸಿ ತರಕಾರಿಯ ಭಾರವನ್ನು ತಾಳಲಾರದು. ಆದ್ದರಿಂದ, ಮಣ್ಣಿನ ಗೋಡೆಗೆ ಹುಲ್ಲನ್ನು ಬೆರೆಸುವಂತೆ, ಸೆಲ್ಯುಲೋಸಿನ ಸೂಕ್ಷ್ಮ ಎಳೆಗಳನ್ನು ಸೇರಿಸಿ ಅದನ್ನು ಬಲಪಡಿಸುತ್ತಾರೆ.

ಪಿಷ್ಟವು ನಮ್ಮ ಆಹಾರವೂ ಹೌದು. ಅನ್ನವಾಗಬೇಕಾದುದು ಚೀಲವಾಗಬಾರದಲ್ಲವೆ? ಯಶವಂತಪುರಕ್ಕೆ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬೇರೊಂದು ಮಾರ್ಗವನ್ನು ಹಿಡಿದರು. ಅಡುಗೆಗೆ ಬಳಸದ ಹರಳೆಣ್ಣೆಯನ್ನೂ ಬೆಳೆಯ ಉಳಿಕೆಯಿಂದ ತೆಗೆದ ಸೆಲ್ಯುಲೋಸನ್ನೂ ಕೂಡಿಸಿ, ಬಾಗುವ ಗುಣವುಳ್ಳ ಹಾಳೆಗಳನ್ನು ಅವರು ರೂಪಿಸಿದ ಸಂಗತಿ 2022ರಲ್ಲಿ ಪ್ರಕಟವಾಯಿತು. ಹೊಲದಲ್ಲಿ ಸುಟ್ಟುಹೋಗುವ ಕೂಳೆಗೂ ಇದರಿಂದ ಬೆಲೆ ಬರಬಹುದು.

ಆದರೆ ಸಸ್ಯಜನ್ಯವಾದುದೆಲ್ಲವೂ ಸುಲಭವಾಗಿ ಮಣ್ಣಾಗುತ್ತದೆಂದು ಭಾವಿಸಬಾರದು. ಜೋಳದ ಸಕ್ಕರೆಯಿಂದ ತಯಾರಾಗುವ ಪಾಲಿಲ್ಯಾಕ್ಟಿಕ್ ಆಮ್ಲದ ಪ್ಲಾಸ್ಟಿಕ್ ಬೇಗನೆ ಕೊಳೆಯಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗೊಬ್ಬರ ಘಟಕವೇ ಬೇಕು; ಕಾಲುವೆಯಲ್ಲಿ ಅದೂ ಬಹುಕಾಲ ಉಳಿಯುತ್ತದೆ.

ಬಳಸುವಾಗ ಬಾಳಬೇಕು, ಬಿಸುಟಾಗ ಅಳಿಯಬೇಕು: ಇವೆರಡೂ ಪರಸ್ಪರ ವಿರುದ್ಧವಾದ ಗುಣಗಳು. ಇವನ್ನು ಒಂದೇ ಹಾಳೆಯಲ್ಲಿ, ಬಡವನಿಗೂ ಎಟುಕುವ ಬೆಲೆಯಲ್ಲಿ ಹೊಂದಿಸುವುದೇ ವಿಜ್ಞಾನಿಗಳ ಮುಂದಿರುವ ಕಾರ್ಯ. ಅದು ಕೈಗೂಡುವವರೆಗೂ, ಕೈಗೂಡಿದ ಮೇಲೂ, ಮನೆಯಿಂದ ಒಯ್ಯುವ ಬಟ್ಟೆಯ ಚೀಲವನ್ನು ನಾವು ಮರೆಯಬಾರದು.