ಪುಸ್ತಕ ಮುಚ್ಚಿದ ಕೂಡಲೇ ಶರಾ ಬರೆಯಬೇಡ ಮಗಾ

ನೀನು ಓದುತ್ತೀಯ, ಅದೇ ನನಗೆ ದೊಡ್ಡ ಸಂತೋಷ. ಮಳೆಗಾಲದಲ್ಲಿ ಕರೆಂಟ್ ಹೋದರೆ ನಿನ್ನ ವಾರಗೆಯವರು ಮೊಬೈಲ್ ಹಿಡಿದು ಕಂಗಾಲಾಗಿ ಓಡಾಡುತ್ತಾರೆ, ನೀನು ಮೇಣದಬತ್ತಿ ಹುಡುಕಿ ಪುಸ್ತಕ ತೆಗೆಯುತ್ತೀಯ. ಆದರೆ ಕೊನೇ ಪುಟ ಮಗುಚಿ ಹತ್ತು ನಿಮಿಷ ಆಗಿರುವುದಿಲ್ಲ, ಆಗಲೇ 'ಬೋರು', 'ಸೂಪರ್', 'ಎರಡೇ ಸ್ಟಾರು' ಅಂತ ತೀರ್ಪು ಕೊಟ್ಟಾಗಿರುತ್ತದೆ. ಯಾರು ಅಟ್ಟಿಸಿಕೊಂಡು ಬಂದಿದ್ದಾರೆ ನಿನ್ನನ್ನು? ಕಾಫಿ ಕುಯ್ಯುವಾಗ ಹಣ್ಣು ಮಾತ್ರ ಬಿಡಿಸದೆ ಕಾಯಿ-ಹಣ್ಣು ಸೇರಿಸಿ ಎಳೆದು ಹಾಕಿದರೆ ನೀನೇ ರೇಗುತ್ತೀಯ. ನಿನ್ನ ಅಭಿಪ್ರಾಯಗಳ ಕುಯ್ಲೂ ಹಾಗೇ ನಡೆಯುತ್ತಿದೆ.

ತೇಜಸ್ವಿಯವರ 'ಕರ್ವಾಲೊ' ಓದಿ ಏನಂದೆ ನೆನಪಿದೆಯಾ? "ಒಂದು ಓತಿ ಹುಡುಕುವುದಕ್ಕೆ ಇಷ್ಟು ಪುಟ ಬೇಕಾ" ಅಂದೆ. ಅದೇ ವಾರ ಬೆಂಕಿ ಉಗುಳುವ ಡ್ರ್ಯಾಗನ್ನಿನ ದಪ್ಪ ಪುಸ್ತಕವನ್ನು ರಾತ್ರಿಯೆಲ್ಲ ಎದ್ದು ಮುಗಿಸಿದೆ. ಓದು, ಬೇಡ ಅನ್ನುವುದಿಲ್ಲ. ಆದರೆ ಸಂಪಾಜೆ ಕಡೆಗೆ ಹೋದಾಗ ಬಿಸಿಲು ಬಿದ್ದ ಹೊತ್ತಿನಲ್ಲಿ ಒಂದು ಅಡಿಕೆ ತೋಟದೊಳಗೆ ಸುಮ್ಮನೆ ನಿಂತು ನೋಡು. ಗೇಣುದ್ದದ ಓತಿ ಮರದ ತೊಗಟೆಯ ಬಣ್ಣದಲ್ಲೇ ಕೂತಿರುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಗಂಡಾದರೆ ಗಂಟಲ ಕೆಳಗಿನ ಹಳದಿ ಚೀಲವನ್ನು ಒಮ್ಮೆ ಬಿಚ್ಚುತ್ತದೆ, ಮತ್ತೆ ಮಡಚುತ್ತದೆ. ಆಮೇಲೆ ಪಕ್ಕೆಲುಬು ಅಗಲಿಸಿ, ಚರ್ಮ ಹರಡಿ, ಆಚೆ ಮರಕ್ಕೆ ತೇಲಿಬಿಡುತ್ತದೆ. ಅದನ್ನು ನೋಡಿಬಂದು ತೇಜಸ್ವಿಯವರ ಕೊನೆಯ ಪುಟಗಳನ್ನು ಮತ್ತೆ ತೆಗೆ. ಅಷ್ಟು ಜನ ಕಾಡು ಅಲೆದು ಹುಡುಕಿದ ಜೀವಿ ಕಣಿವೆಗೆ ಹಾರಿ ಮರೆಯಾಗುವಾಗ ನಿನಗೆ ಏನೂ ಅನ್ನಿಸದಿದ್ದರೆ ಆಗ ಬೋರು ಅನ್ನು, ಒಪ್ಪುತ್ತೇನೆ. 1980ರ ಪುಸ್ತಕ ಅದು. ಇಷ್ಟು ವರ್ಷ ಕಾದಿದೆ, ನಿನಗಾಗಿ ಇನ್ನೊಂದು ವಾರ ಕಾಯುತ್ತದೆ.

ದೆವ್ವದ ಕತೆಗಳ ವಿಷಯಕ್ಕೂ ನಿನ್ನದು ದುಡುಕೇ. 'ಡ್ರಾಕುಲಾ' ಅರ್ಧಕ್ಕೆ ಬಿಟ್ಟೆ. ಮೊದಲ ನಾಲ್ಕು ಅಧ್ಯಾಯ ಆದಮೇಲೆ ಆ ದೊರೆ ಕಾಣಿಸುವುದೇ ಅಪರೂಪ ಅಂತ ದೂರಿದೆ. ಅಲ್ಲವೇ ಮತ್ತೆ! 1897ರಲ್ಲಿ ಸ್ಟೋಕರ್ ಇಡೀ ಕತೆಯನ್ನು ದಿನಚರಿ, ಪತ್ರ, ತಂತಿಗಳಲ್ಲೇ ಕಟ್ಟಿದ. ಒಬ್ಬರಿಗೆ ಗೊತ್ತಾದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ಓದುವ ನಿನಗೆ ಮಾತ್ರ ಎಲ್ಲ ಗೊತ್ತು. ಹೆದರಿಕೆ ಇರುವುದೇ ಅಲ್ಲಿ. ಅವನು ಪುಟಪುಟಕ್ಕೂ ಬಂದು ಹಲ್ಲು ತೋರಿಸಿದರೆ ಹೆದರುವವರು ಯಾರು?

ನನ್ನನ್ನು ಕೇಳಿದರೆ ನಮ್ಮ ಕೊಡಗಿನ ಭಯಾನಕ ಕತೆ ಮಾಸ್ತಿಯವರ 'ಚಿಕವೀರ ರಾಜೇಂದ್ರ'. ಅದರಲ್ಲಿ ದೆವ್ವವೇ ಇಲ್ಲ. ಮಡಿಕೇರಿ ಕೋಟೆಯೊಳಗಿನ ಅದೇ ಅರಮನೆ, ನೀನು ಗಾರೆಯ ಆನೆಗಳ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡ ಜಾಗ. ಅಲ್ಲಿ ಒಬ್ಬ ರಾಜ ಕುಡಿತಕ್ಕೂ ಸಿಟ್ಟಿಗೂ ಸಿಕ್ಕಿ, ತಂಗಿಯ ಹಸುಗೂಸನ್ನೂ ಉಳಿಸದಷ್ಟು ಕೆಡುತ್ತಾನೆ. ಪಕ್ಕದಲ್ಲಿ ಅವನ ಮಂತ್ರಿ ಕುಂಟ ಬಸವ. 1834ರಲ್ಲಿ ಇಂಗ್ಲಿಷರು ನಾಡು ಕೈಗೆ ತೆಗೆದುಕೊಂಡರೆಂದು ನಿನಗೆ ಮೊದಲೇ ಗೊತ್ತು, ಆದರೂ ಎದೆ ಡವಗುಟ್ಟುತ್ತದೆ. 'ಪಠ್ಯಪುಸ್ತಕದ ಇತಿಹಾಸ' ಅಂತ ಅದನ್ನು ಮೂಲೆಗೆ ತಳ್ಳಿದ್ದೀಯಲ್ಲ, ಧೂಳು ಒರೆಸಿ ಇಟ್ಟುಕೋ.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡ. ಬೈಯುವುದರಲ್ಲಿ ಇರುವ ಅವಸರ ನಿನಗೆ ಹೊಗಳುವುದರಲ್ಲೂ ಇದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು, ಅನುವಾದಿಸಿದವರು ನಮ್ಮ ಮಡಿಕೇರಿಯ ದೀಪಾ ಭಾಸ್ತಿ ಅಂತ ಊರೆಲ್ಲ ಹಿಗ್ಗಿತು. ನೀನು ಅವತ್ತೇ 'ಅದ್ಭುತ' ಅಂದೆ. ಹನ್ನೆರಡು ಕತೆಗಳಲ್ಲಿ ಯಾವುದು ಅದ್ಭುತ ಅಂದರೆ ತಲೆ ಕೆರೆದುಕೊಂಡೆ! ಅನುವಾದ ಮಾಡುವವರಿಗೆ ಆ ಸೌಕರ್ಯ ಇಲ್ಲ ನೋಡು. ಒಂದೊಂದು ವಾಕ್ಯದ ಮುಂದೆಯೂ ಅವರು ನಿಲ್ಲಲೇಬೇಕು. ನೀನು ಅಷ್ಟು ನಿಲ್ಲಬೇಕಾಗಿಲ್ಲ, ಒಂದು ಪುಟದ ಮುಂದೆ ನಿಂತರೆ ಸಾಕು. ಹೇಗಿತ್ತು ಅಂತ ನನಗೆ ಹೇಳುವ ಮೊದಲು ಅಲ್ಲಿ ಏನು ನಡೆಯಿತು ಹೇಳು. ಎಲ್ಲಿ ಓದು ನಿಂತಿತು, ಎಲ್ಲಿ ಯಾರ ಮೇಲೆ ಸಿಟ್ಟು ಬಂತು, ಅದನ್ನು ಹೇಳು. 'ನನಗೆ ಹಿಡಿಸಲಿಲ್ಲ' ಅನ್ನುವುದು ನಿನ್ನ ಹಕ್ಕು. 'ಚೆನ್ನಾಗಿಲ್ಲ' ಅನ್ನಬೇಕಾದರೆ ಪುಟ ತೆಗೆದು ತೋರಿಸಬೇಕು.

ಅದೇ ದೀಪಾ ಅವರು ಕೊಡಗಿನ ಗೌರಮ್ಮನ ಕತೆಗಳನ್ನೂ ಇಂಗ್ಲಿಷಿಗೆ ತಂದಿದ್ದಾರೆ. ನೀನು ಕನ್ನಡದಲ್ಲೇ ಓದು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದಾಕೆ, 1939ರಲ್ಲಿ ನೀರಿಗೆ ಸಿಕ್ಕಿ ತೀರಿಹೋದಾಗ ಬರೀ 27 ವರ್ಷ. ನಿನಗಿಂತ ಎಷ್ಟು ದೊಡ್ಡವಳು ಹೇಳು? ವಿಧವೆಯರ ಬಗ್ಗೆ, ಮರುಮದುವೆಯ ಬಗ್ಗೆ ಮೆತ್ತಗಿನ ದನಿಯಲ್ಲಿ ಬರೆದಳು. ಮೊದಲ ಓದಿಗೆ ನಿನಗೆ 'ಹಳೇ ಕಾಲದ ಗೋಳು' ಅನ್ನಿಸಬಹುದು, ಅನ್ನಿಸಲಿ. 'ವಾಣಿಯ ಸಮಸ್ಯೆ' ಓದಿ ಎರಡು ದಿನ ಬಾಯಿ ಬಿಡಬೇಡ. ಮನೆಯಲ್ಲಿ ಅಮ್ಮ, ದೊಡ್ಡಮ್ಮ ಮಾತಾಡುವುದನ್ನು ಕೇಳುತ್ತಾ ಇರು, ಆಮೇಲೆ ಇನ್ನೊಮ್ಮೆ ಓದು. ಆಕೆಯ ಕತೆಗಳ ಪುಸ್ತಕ 'ಕಂಬನಿ' ನಮ್ಮ ಕಪಾಟಿನ ಮೇಲಿನ ಸಾಲಿನಲ್ಲಿದೆ, ಹುತ್ತರಿಗೆ ಬಂದಾಗ ತೆಗೆದುಕೊಂಡು ಹೋಗು. ಅದರಲ್ಲಿ ನನಗೆ ಹಿಡಿಸದ ಕತೆಯೂ ಒಂದಿದೆ. ಯಾವುದು, ಯಾಕೆ ಅಂತ ನೀನು ನಿನ್ನದನ್ನು ಹೇಳಿದ ಮೇಲೆ ಹೇಳುತ್ತೇನೆ.