ನೀರು ಹೊರುವ ಗರಿಗಳು

ಬೇಸಗೆಯಲ್ಲಿ ಥಾರ್ ಮರುಭೂಮಿಗೆ ಪಕ್ಷಿವೀಕ್ಷಣೆಗೆಂದು ಹೋಗುವವರು ಮೊದಲು ನೀರನ್ನು ಹುಡುಕುವುದು ಲೇಸು. ಹಕ್ಕಿಗಳು ತಾವಾಗಿಯೇ ಅಲ್ಲಿಗೆ ಬರುತ್ತವೆ. ಜೈಸಲ್ಮೇರಿನ ಬಳಿ ಕುಂಟೆಯೊಂದರ ದಡದಲ್ಲಿ ನಾವು ಕಾದು ಕುಳಿತೆವು. ಸೂರ್ಯೋದಯವಾಗಿ ಎರಡು ಗಂಟೆ ಕಳೆಯುವಷ್ಟರಲ್ಲಿ ಸ್ಯಾಂಡ್‌ಗ್ರೌಸ್ ಹಕ್ಕಿಗಳು ಗುಂಪುಗುಂಪಾಗಿ ಬಂದಿಳಿದವು.

ಪಾರಿವಾಳದ ಗಾತ್ರದ, ಮರಳಿನ ಬಣ್ಣದ ಈ ಹಕ್ಕಿಗಳ ಆಹಾರ ಒಣಬೀಜ; ಆದುದರಿಂದ ನೀರು ಕುಡಿಯದೆ ಗತ್ಯಂತರವಿಲ್ಲ. ಹಾರಲಾರದ ಮರಿಗಳ ಪಾಡೇನು? ಗಂಡುಹಕ್ಕಿ ನೀರಿನಲ್ಲಿ ಕುಳಿತು ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಹಾರುತ್ತದೆ. ಮರಿಗಳು ಆ ಗರಿಗಳನ್ನು ಚೀಪಿ ದಾಹ ತೀರಿಸಿಕೊಳ್ಳುತ್ತವೆ. 1896ರಲ್ಲಿ ಮೀಡ್-ವಾಲ್ಡೋ ಎಂಬವರು ಇದನ್ನು ವರದಿಮಾಡಿದಾಗ ಅನೇಕರು ನಂಬಲಿಲ್ಲ. 1967ರಲ್ಲಿ ಕೇಡ್ ಮತ್ತು ಮೆಕ್ಲೀನ್ ಎಂಬ ವಿಜ್ಞಾನಿಗಳು ಆಫ್ರಿಕದ ಕಲಹಾರಿಯ ಹಕ್ಕಿಗಳನ್ನು ಪರೀಕ್ಷಿಸಿ ಅದನ್ನು ಸ್ಥಿರಪಡಿಸಿದರು. ಒಣಗಿರುವಾಗ ಸುರುಳಿಯಾಗಿರುವ ಗರಿಯ ಎಳೆಗಳು ತೊಯ್ದೊಡನೆ ಬಿಚ್ಚಿ ನೆಟ್ಟಗಾಗಿ, ನಡುವೆ ನೀರನ್ನು ಹಿಡಿದಿಡುತ್ತವೆ. ಒಂದು ಸಲಕ್ಕೆ ಸುಮಾರು 25 ಮಿಲಿಲೀಟರು!

ಅಲ್ಲಿಂದ ಪೂರ್ವಕ್ಕೆ, ರಾಜಸ್ಥಾನದ ಇನ್ನೊಂದು ಅಂಚಿಗೆ ಸಾಗಿ ಧೋಲ್ಪುರದ ಬಳಿ ಚಂಬಲ್ ನದಿಯನ್ನು ಸೇರಿದೆವು. ಇಲ್ಲಿ ನೀರಿಗೆ ಕೊರತೆಯಿಲ್ಲ. ಆದರೂ ಗರಿ ನೆನೆಸುವ ಹಕ್ಕಿಯೊಂದುಂಟು. ಕೆಳಕೊಕ್ಕು ಮೇಲಿನದಕ್ಕಿಂತ ಉದ್ದವಾಗಿರುವ ಸ್ಕಿಮ್ಮರ್, ನದಿಯ ನಡುವಣ ಮರಳುದಿಬ್ಬದ ಗುಣಿಯಲ್ಲಿ ಮೊಟ್ಟೆಯಿಡುತ್ತದೆ. ಬಿಸಿಲೇರಿದಾಗ ಹೊಟ್ಟೆಯನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಮಾಡುತ್ತದೆ. ಸುತ್ತಲಿನ ನೀರೇ ಅದಕ್ಕೆ ಕೋಟೆಯ ಕಂದಕ. ಮೇಲ್ಗಡೆ ನೀರನ್ನು ತಡೆದಾಗ ಹರಿವಿಳಿದು ದಿಬ್ಬ ದಡಕ್ಕೆ ಕೂಡಿಕೊಳ್ಳುತ್ತದೆ. ನಾಯಿನರಿಗಳು ನಡೆದೇ ಬಂದು ಮೊಟ್ಟೆಗಳನ್ನು ತಿನ್ನುತ್ತವೆ. ನಾವು ಕಂಡ ದಿಬ್ಬಕ್ಕೂ ದಡಕ್ಕೂ ನಡುವೆ ಮೊಣಕಾಲುದ್ದದ ನೀರು ಮಾತ್ರ ಉಳಿದಿತ್ತು.