ಸಹಿ ತಾಳೆಯಾಗದಿದ್ದರೆ ಹಕ್ಕು ಹೋದೀತೆ?

ಲಕ್ವ ಹೊಡೆದು ಚೇತರಿಸಿಕೊಂಡ ಕೆಲವರಿಗೆ ಕೈಯಲ್ಲಿ ಕಸುವಿರುತ್ತದೆ, ಹೇಳಿದ್ದೂ ಅರ್ಥವಾಗುತ್ತದೆ. ಆದರೆ ಪೆನ್ನು ಕೊಟ್ಟು ‘ಸಹಿ ಹಾಕಿ’ ಎಂದರೆ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ, ಹಿಡಿಯುವುದೇ ಹೊಳೆಯುವುದಿಲ್ಲ. ಅಷ್ಟರಲ್ಲಿ ಪರಿಚಯದವರು ಎದುರಾದರೆ ಎರಡೂ ಕೈ ತಾವಾಗಿ ಜೋಡಿಸಿಕೊಂಡು ನಮಸ್ಕಾರ ಮಾಡುತ್ತವೆ. ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಗೆ ಇದು ನಾಟಕದಂತೆ ಕಾಣುತ್ತದೆ, ಇಲ್ಲವೇ ಬುದ್ಧಿ ಹೋಗಿದೆ ಎನಿಸುತ್ತದೆ. ಎರಡೂ ಅಲ್ಲ. ಕಲಿತ ಚಲನೆಗಳನ್ನು ಹೊಂದಿಸುವ ಮಿದುಳಿನ ಭಾಗಕ್ಕೆ ಪೆಟ್ಟಾದಾಗ ಬರುವ ಈ ತೊಂದರೆಯನ್ನು ವೈದ್ಯರು ಅಪ್ರಾಕ್ಸಿಯಾ ಎನ್ನುತ್ತಾರೆ. ತುಟಿ, ನಾಲಗೆಗಳ ಚಲನೆ ಹೊಂದಿಕೆ ತಪ್ಪಿದರೆ ಅದು ಮಾತಿನ ಅಪ್ರಾಕ್ಸಿಯಾ. ಪದಗಳೇ ಸಿಗದಾದರೆ ಅಫೇಸಿಯಾ. ಎಷ್ಟೋ ಸಲ ಇವು ಒಟ್ಟಿಗೇ ಬರುತ್ತವೆ.

1900ರಲ್ಲಿ ಬರ್ಲಿನ್ನಿನ ವೈದ್ಯ ಹ್ಯೂಗೊ ಲೀಪ್‌ಮನ್ ಒಬ್ಬ ಸರ್ಕಾರಿ ಅಧಿಕಾರಿಯ ಪ್ರಕರಣವನ್ನು ಪ್ರಕಟಿಸಿದ. ಬುದ್ಧಿ ಮಂಕಾಗಿದೆ ಎಂಬ ಷರಾದೊಂದಿಗೆ ಆಸ್ಪತ್ರೆ ಸೇರಿದ್ದ ರೋಗಿ ಅವನು. ಬಲಗೈಯಲ್ಲಿ ಹೇಳಿದ ಕೆಲಸ ಆಗುತ್ತಿರಲಿಲ್ಲ. ಲೀಪ್‌ಮನ್ ಆ ಕೈಯನ್ನು ಹಿಡಿದಿಟ್ಟು ಎಡಗೈಯಲ್ಲಿ ಮಾಡಲು ಹೇಳಿದಾಗ ಕೆಲಸ ಸರಿಯಾಗಿ ಬಂತು. ಹೇಳಿದ್ದು ಅವನಿಗೆ ಅರ್ಥವಾಗುತ್ತಲೇ ಇತ್ತು. ನಮ್ಮ ಕಚೇರಿಗಳಲ್ಲಿ ಈಗಲೂ ನಡೆಯುವುದು ಲೀಪ್‌ಮನ್‌ಗಿಂತ ಹಿಂದಿನ ಪರೀಕ್ಷೆಯೇ.

ಕಾನೂನು ಮಾತ್ರ ಕೈಬರಹವನ್ನು ಬುದ್ಧಿಯ ಅಳತೆಗೋಲಾಗಿ ಇಟ್ಟುಕೊಂಡಿಲ್ಲ. ಕರಾರು ಮಾಡಲು ಬೇಕಾದದ್ದು ವಿಷಯವನ್ನು ಅರಿತು, ತನ್ನ ಒಳಿತು ಕೆಡುಕು ತೂಗುವ ಶಕ್ತಿ ಎನ್ನುತ್ತದೆ ಕರಾರು ಕಾಯ್ದೆಯ 12ನೇ ಕಲಂ. ಆಸ್ತಿ ಹೊಂದಲು, ಹಣಕಾಸು ನೋಡಿಕೊಳ್ಳಲು, ಬ್ಯಾಂಕ್ ಸಾಲ ಪಡೆಯಲು ಇತರರಷ್ಟೇ ಹಕ್ಕಿದೆ ಎನ್ನುತ್ತದೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 13ನೇ ಕಲಂ. ಉಯಿಲಿಗೂ ಸಹಿಯೇ ಆಗಬೇಕೆಂದಿಲ್ಲ: ಗುರುತು ಹಾಕಬಹುದು, ಅಥವಾ ಬರೆಯಿಸುವವರ ಎದುರೇ, ಅವರು ಸೂಚಿಸಿದಂತೆ ಬೇರೊಬ್ಬರು ಸಹಿ ಮಾಡಬಹುದು, ಇಬ್ಬರು ಸಾಕ್ಷಿಗಳು ಇರಬೇಕು. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬರಲಾಗದವರ ಮನೆಗೇ ಅಧಿಕಾರಿ ಬರಲು ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ಅಫೇಸಿಯಾ ಇರುವವರ ಕತೆ ಸ್ವಲ್ಪ ಬೇರೆ. ಅವರಲ್ಲಿ ಕೆಲವರಿಗೆ ಗ್ರಹಿಕೆಯೂ ಕುಂದಿರುತ್ತದೆ, ‘ಇಲ್ಲ’ ಎನ್ನಬೇಕಾದಲ್ಲಿ ‘ಹೂಂ’ ಬಂದುಬಿಡುತ್ತದೆ. ಹಾಗಾಗಿ ಪತ್ರ ಮಾಡಿಸುವ ಹೊತ್ತಿನಲ್ಲೇ ಗ್ರಹಿಕೆಯ ಬಗ್ಗೆ ನರರೋಗ ತಜ್ಞರಿಂದ ಒಂದು ಲಿಖಿತ ವರದಿ ಪಡೆದಿಟ್ಟರೆ ಮುಂದೆ ವ್ಯಾಜ್ಯಕ್ಕೆ ಎಡೆ ಕಡಿಮೆ. ರೋಗಿಯ ಹೆಬ್ಬೆಟ್ಟು ಹಿಡಿದು ಖಾಲಿ ಸ್ಟಾಂಪ್ ಪೇಪರಿಗೆ ಒತ್ತಿಸಿಕೊಳ್ಳುವ ಮಕ್ಕಳು, ತಮ್ಮಂದಿರು ಇದನ್ನು ನೆನಪಿಡುವುದು ಒಳ್ಳೆಯದು.

ಬ್ಯಾಂಕಿನ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ಸೂಚನೆ ಬಹಳ ಸ್ಪಷ್ಟ. ಕಾಯಿಲೆಯಿಂದ ಸಹಿ ಮಾಡಲಾಗದ ಖಾತೆದಾರರ ಹೆಬ್ಬೆರಳಿನ ಅಥವಾ ಕಾಲ್ಬೆರಳಿನ ಗುರುತು ಸಾಕು. ಅದನ್ನು ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯೇ ಆಗಿರಬೇಕು. ಹೆಬ್ಬೆರಳೂ ಒತ್ತಲಾಗದಿದ್ದರೆ ಚೆಕ್ಕಿನ ಮೇಲೆ ಯಾವುದಾದರೂ ಒಂದು ಗುರುತು ಹಾಕಿದರೂ ನಡೆಯುತ್ತದೆ. ‘ಸಹಿ ತಾಳೆಯಾಗಲ್ಲ, ಕೋರ್ಟಿಂದ ಆರ್ಡರ್ ತನ್ನಿ’ ಎಂದರೆ ಲಿಖಿತ ದೂರು ಕೊಡಬಹುದು. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು.

ವೈಕಲ್ಯದ ಪ್ರಮಾಣಪತ್ರ ಪಡೆಯುವುದರಲ್ಲಿ ಒಂದು ತೊಡಕಿದೆ. 2016ರ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಅಪ್ರಾಕ್ಸಿಯಾದ ಹೆಸರಿಲ್ಲ. ಅಫೇಸಿಯಾದಂಥ ಕಾರಣಗಳಿಂದ ಬಂದ ಕಾಯಂ ತೊಂದರೆ ವಾಕ್ ಮತ್ತು ಭಾಷಾ ವೈಕಲ್ಯದಡಿ ಬರುತ್ತದೆ. ಮಕ್ಕಳಲ್ಲಿ ಕಾಣುವ ಡಿಸ್‌ಪ್ರಾಕ್ಸಿಯಾ ನಿರ್ದಿಷ್ಟ ಕಲಿಕಾ ವೈಕಲ್ಯದಡಿ. ಆದ್ದರಿಂದ ಅರ್ಜಿಯಲ್ಲಿ ರೋಗದ ಹೆಸರೊಂದನ್ನೇ ಬರೆದು ಸುಮ್ಮನಾಗದೆ, ಯಾವ ಕೆಲಸ ಆಗುತ್ತಿಲ್ಲ ಎಂಬುದಕ್ಕೆ ದಾಖಲೆ ಜೋಡಿಸಬೇಕು. ಮಾತಿನ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹಳ್ಳಿಯವರಿಗೆ ವಿಕಲಚೇತನರ ಗುರುತಿನ ಚೀಟಿಯ (ಯುಡಿಐಡಿ) ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯು) ನೆರವಾಗುತ್ತಾರೆ. ವೈದ್ಯಕೀಯ ಪ್ರಾಧಿಕಾರ ನಿರಾಕರಿಸಿದರೆ 59ನೇ ಕಲಂ ಪ್ರಕಾರ ಮೇಲ್ಮನವಿಗೆ ದಾರಿಯುಂಟು.

ಪ್ರಮಾಣಪತ್ರದಲ್ಲಿ ವೈಕಲ್ಯದ ಪ್ರಮಾಣ ಶೇ. 40 ಮುಟ್ಟದವರು ಕೈಚೆಲ್ಲಬೇಕಿಲ್ಲ. ಬರೆಯಲು ಹೋದಾಗ ಮಾತ್ರ ಕೈ ಸೆಟೆದುಕೊಳ್ಳುವ ‘ರೈಟರ್ಸ್ ಕ್ರಾಂಪ್’ ಅಪ್ರಾಕ್ಸಿಯಾ ಅಲ್ಲ, ಆದರೂ ಕಲಿತ ಚಲನೆಯೇ ಕೆಡುವ ಇನ್ನೊಂದು ತೊಂದರೆ. ಅದಿದ್ದ ಅಭ್ಯರ್ಥಿಯೊಬ್ಬರಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರರನ್ನು ನಿರಾಕರಿಸಲಾಗಿತ್ತು. ವಿಕಾಸ್ ಕುಮಾರ್ ವಿರುದ್ಧ ಯುಪಿಎಸ್‌ಸಿ ಎಂಬ ಆ ಪ್ರಕರಣದಲ್ಲಿ 2021ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್, ಲಿಪಿಕಾರರ ಸೌಲಭ್ಯಕ್ಕೆ ಶೇ. 40ರ ಗೆರೆ ಎಳೆಯುವುದು ತಪ್ಪೆಂದು ತೀರ್ಪಿತ್ತಿತು. 2022ರ ಆಗಸ್ಟಿನಲ್ಲಿ ಕೇಂದ್ರದ ಮಾರ್ಗಸೂಚಿ ಬಂತು. ಅದು ಎಲ್ಲ ಪರೀಕ್ಷೆಗಳಲ್ಲೂ ಪಾಲನೆಯಾಗಲೆಂದು ನ್ಯಾಯಾಲಯ 2025ರಲ್ಲಿ ಮತ್ತೊಮ್ಮೆ ಹೇಳಬೇಕಾಯಿತು ಎಂದರೆ ಪರೀಕ್ಷಾ ಮಂಡಳಿಗಳ ಸ್ವಭಾವ ಗೊತ್ತಾಗುತ್ತದೆ.

ಸರ್ಕಾರಿ ನೌಕರಿಯಲ್ಲಿದ್ದಾಗ ವೈಕಲ್ಯ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅದಿಲ್ಲದಿದ್ದರೆ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿಡಬೇಕು ಎನ್ನುತ್ತದೆ 2016ರ ಕಾಯ್ದೆಯ 20ನೇ ಕಲಂ. ಒತ್ತಡಕ್ಕೆ ಮಣಿದು ಸ್ವಯಂನಿವೃತ್ತಿ ಪತ್ರಕ್ಕೆ ಗುರುತು ಹಾಕುವ ಮುನ್ನ ಮನೆಯವರು ಇದನ್ನು ಓದಿರಬೇಕು.

ನ್ಯಾಯಾಲಯದಲ್ಲಿ ಮಾತು ಬಾರದ ಸಾಕ್ಷಿ ಬರೆದು ಅಥವಾ ಸನ್ನೆಯಿಂದ ಹೇಳಬಹುದು. ಭಾರತೀಯ ಸಾಕ್ಷ್ಯ ಅಧಿನಿಯಮದ 125ನೇ ಕಲಂ ಪ್ರಕಾರ ದುಭಾಷಿಯ ಅಥವಾ ವಿಶೇಷ ಶಿಕ್ಷಕರ ನೆರವು ಪಡೆದು ಆ ಹೇಳಿಕೆಯನ್ನು ವಿಡಿಯೊ ಮಾಡಬೇಕು. ಅಪ್ರಾಕ್ಸಿಯಾದಲ್ಲಿ ಕೈಸನ್ನೆಯೂ ತಪ್ಪಬಹುದು ಎಂಬುದನ್ನು ವಕೀಲರು ಮೊದಲೇ ನ್ಯಾಯಾಧೀಶರ ಗಮನಕ್ಕೆ ತರಬೇಕು. ವಕೀಲರಿಗೆ ಫೀಸು ಕೊಡಲಾಗದಿದ್ದರೆ ತಾಲ್ಲೂಕು ನ್ಯಾಯಾಲಯದ ಆವರಣದ ಕಾನೂನು ಸೇವಾ ಸಮಿತಿಗೆ ಹೋಗಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ವಿಕಲಚೇತನರಿಗೆ ಈ ನೆರವು ಕೊಡುವಾಗ ಆದಾಯ ಮಿತಿ ಕೇಳುವುದಿಲ್ಲ.